ಓಲೆ ಇದ್ದರೆ ಸಾಲದು, ತಾರೀಖೂ ಬೇಕು

ಪತ್ರ: "ನಾಲ್ಕು ಹಸು ಸಾಕಿದ್ದೇವೆ. ಎಲ್ಲಕ್ಕೂ ಕಿವಿಯೋಲೆ ಹಾಕಿಸಿದ್ದೇವೆ. ವಿವರವೆಲ್ಲ ಸರ್ಕಾರದ ಆ್ಯಪ್‌ನಲ್ಲೇ ಇರುತ್ತಂತೆ. ಹಾಗಿದ್ದ ಮೇಲೆ ಮನೇಲೂ ಪುಸ್ತಕ ಬರೆದಿಡಿ ಅಂತ ನೀವು ಹೇಳೋದು ಯಾಕೆ? ಒಂದರ ಓಲೆ ಬೇರೆ ಬಿದ್ದುಹೋಗಿದೆ, ಏನು ಮಾಡೋದು?"
– ಹಾಸನ ಜಿಲ್ಲೆಯ ಓದುಗರು

ಸಂಪಾದಕರ ಉತ್ತರ:

ಓಲೆಯ 12 ಅಂಕಿ ನಂಬರಿಗೆ ಭಾರತ್ ಪಶುಧನ್ ಆ್ಯಪ್‌ನಲ್ಲಿ ಲಸಿಕೆ, ಕೃತಕ ಗರ್ಭಧಾರಣೆ ಎಲ್ಲ ಏರುತ್ತದೆ, ನಿಜ. ಆದರೆ ಏರುವುದು ಇಲಾಖೆಯವರು ಬಂದು ಮಾಡಿದ ಕೆಲಸ. ಹಸು ರಾತ್ರಿಯೆಲ್ಲ ಬೆದೆಗೆ ಕೂಗಿದ್ದನ್ನು ನೀವೇ ಬರೆಯಬೇಕು ಅಲ್ವಾ? ಸುಮಾರು 21 ದಿನಕ್ಕೆ ಮತ್ತೆ ಬೆದೆ ಬಂತಾ ಎಂದು ನೋಡುವುದು ಆ ತಾರೀಖು ಹಿಡಿದೇ. ಗಬ್ಬ ನಿಂತರೆ 280 ದಿನದ ಲೆಕ್ಕ. ಈಯಲು ಎರಡು ತಿಂಗಳಿರುವಾಗ ಹಾಲು ಬತ್ತಿಸಬೇಕು.

ಎಲ್ಲಕ್ಕಿಂತ ಜಾಸ್ತಿ ಎಡವುವುದು ಔಷಧಿಯ ವಿಷಯದಲ್ಲಿ. ಕೆಚ್ಚಲು ಬಾವಿಗೆ ಟ್ಯೂಬ್ ಹಾಕುತ್ತೀರಿ. ಎರಡು ದಿನಕ್ಕೆ ಬಾವು ಇಳಿಯುತ್ತದೆ, ಹಾಲು ಬಿಳಿಯಾಗಿಯೇ ಬರುತ್ತದೆ, ಡೇರಿಗೆ ಹಾಕಿಬಿಡುತ್ತೀರಿ. ಔಷಧಿ ಮಾತ್ರ ಇನ್ನೂ ಹಾಲಲ್ಲೇ ಇರುತ್ತದೆ. ಆ ಹಾಲಿಗೆ ಹೆಪ್ಪು ಹಾಕಿದರೆ ಎಷ್ಟೋ ಸಲ ಮೊಸರೇ ಆಗುವುದಿಲ್ಲ. ಎಷ್ಟು ದಿನ ಹಾಲು ಹಾಕಬಾರದು ಎಂದು ಔಷಧಿಯ ಲೇಬಲ್ ಮೇಲೆ ಇರಬೇಕು. ಆ ಅವಧಿ ಗೊತ್ತುಮಾಡಿರದ ಔಷಧಿಗೆ ಕಡಿಮೆಯೆಂದರೂ 7 ದಿನ ಎನ್ನುತ್ತದೆ ಕಾನೂನು. ಪುಸ್ತಕದಲ್ಲಿ ಹೀಗೆ ಬರೆದರೆ ಸಾಕು: "ಗೌರಿ, 4ನೇ ತಾರೀಖು ಸಂಜೆ, ಹಿಂದಿನ ಬಲ ಮೊಲೆ, ಟ್ಯೂಬ್." ಔಷಧಿಯ ಹೆಸರು ಬರೆಯಲು ಬೇಜಾರಾದರೆ ಖಾಲಿ ಡಬ್ಬಿಯ ಲೇಬಲ್ ಕಿತ್ತು ಅಂಟಿಸಿ. ಹಾಲು ಕರೆಯುವವರು ಮನೆಯಲ್ಲಿ ಒಬ್ಬರೇ ಇರುವುದಿಲ್ಲವಲ್ಲ, ಅವರಿಗೂ ಕಾಣಲಿ.

ಹೆಣ್ಣು ಕರು ಹುಟ್ಟಿದ ದಿನವನ್ನೂ ಬರೆಯಿರಿ. ಗಬ್ಬದ ಹಸು ಕಂದು ಹಾಕುವಂತೆ ಮಾಡುವ ಬ್ರುಸೆಲ್ಲಾ ರೋಗದ ಲಸಿಕೆ 4ರಿಂದ 8 ತಿಂಗಳೊಳಗೆ, ಜೀವಮಾನಕ್ಕೆ ಒಂದೇ ಸಲ. "ಯುಗಾದಿ ಆಸುಪಾಸು ಹುಟ್ಟಿದ್ದು" ಎಂದರೆ ಡಾಕ್ಟರ್ ಏನು ಲೆಕ್ಕ ಹಾಕಬೇಕು? ತುಂಬುಗಬ್ಬದ ಹಸು ಕಂದು ಹಾಕಿದರೆ ಸುಮ್ನೆ ಬಿಡಬೇಡಿ, ಡಾಕ್ಟರಿಗೆ ಹೇಳಿ ಪರೀಕ್ಷೆ ಮಾಡಿಸಿ. ಸತ್ತೆಯನ್ನು (ಮಾಸನ್ನು) ಬರಿಗೈಲಿ ಮುಟ್ಟಬೇಡಿ, ಸುಣ್ಣ ಹಾಕಿ ಆಳವಾಗಿ ಹೂಳಿ. ಬ್ರುಸೆಲ್ಲಾ ಮನುಷ್ಯರಿಗೂ ಬರುತ್ತದೆ, ಬಿಟ್ಟು ಬಿಟ್ಟು ಜ್ವರ ಕಾಯಿಸುತ್ತದೆ.

ಕಾಲುಬಾಯಿ ಲಸಿಕೆ ಆರು ತಿಂಗಳಿಗೊಮ್ಮೆ. ಹಾಲು ಇಳಿಯುತ್ತೆ ಅಂತ ತಪ್ಪಿಸುವವರಿದ್ದಾರೆ. ಇಳಿದರೂ ಕೆಲವೇ ದಿನ. ರೋಗ ಬಂದರೆ ಹೋಗುವ ಹಾಲಿನ ಮುಂದೆ ಅದು ಏನೂ ಅಲ್ಲ. ಚರ್ಮಗಂಟು, ಕಾಲುಬಾಯಿಯಂಥ ರೋಗದ ಅನುಮಾನ ಬಂದರೆ ಹಸುವನ್ನು ಬೇರೆ ಕಟ್ಟಿ ಪಂಚಾಯಿತಿಗೋ ಪಶು ಆಸ್ಪತ್ರೆಗೋ ತಿಳಿಸಬೇಕು. ಇದು ಬುದ್ಧಿಮಾತಲ್ಲ, ಪ್ರಾಣಿಗಳ ಅಂಟುರೋಗ ತಡೆಯುವ 2009ರ ಕಾಯ್ದೆಯೇ ಹೇಳುತ್ತದೆ.

ಇನ್ನು ಬಿದ್ದ ಓಲೆ. ತಡಮಾಡಬೇಡಿ. ಹಳೆಯ ನಂಬರ್ ಬರೆದಿಟ್ಟುಕೊಂಡಿದ್ದರೆ ಅದನ್ನು ಹಿಡಿದು ಪಶು ಆಸ್ಪತ್ರೆಗೆ ಹೋಗಿ, ಹೊಸದು ಹಾಕಿಸಿ, ಹಳೆಯ ದಾಖಲೆಗೆ ಜೋಡಿಸಲು ಹೇಳಿ. ವಿಮೆ ಇದ್ದರೆ ಹೊಸ ನಂಬರನ್ನು ಕಂಪನಿಗೆ ಬರಹದಲ್ಲೇ ಕೊಟ್ಟು ಸ್ವೀಕೃತಿ ಪಡೆಯಿರಿ. ಓಲೆ ಇಲ್ಲದ ಹಸು ಸತ್ತರೆ ಅವರು ಸಾಮಾನ್ಯವಾಗಿ ದುಡ್ಡು ಕೊಡುವುದಿಲ್ಲ. ಉಳಿದ ಮೂರರ ನಂಬರನ್ನು ಇವತ್ತೇ ಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಳ್ಳಿ.