ರಾಗಿ, ರಕ್ತಹೀನತೆ ಮತ್ತು ನಿಮ್ಮ ಲೇಖನ

ಮಾನ್ಯರೇ,

ನೀವು ಕಳುಹಿಸಿದ ‘ಸಿರಿಧಾನ್ಯವೇ ಮದ್ದು’ ಲೇಖನವನ್ನು ಎರಡು ಸಲ ಓದಿದೆ. ಭಾಷೆ ಶುದ್ಧವಾಗಿದೆ, ವಿಷಯ ನಾಡಿಗೆ ಬೇಕಾದದ್ದು, ಪಾವಗಡದ ಕಡೆಯ ಅಂಗನವಾಡಿಗಳಿಗೆ ನೀವೇ ಹೋಗಿ ಬಂದಿದ್ದೀರಿ. ಆದರೂ ಈ ರೂಪದಲ್ಲಿ ಇದನ್ನು ಪ್ರಕಟಿಸಲಾರೆ. ಕಾರಣವನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ನಮಗೆ ಬರುವ ಕೃಷಿ ಮತ್ತು ಆರೋಗ್ಯದ ಲೇಖನಗಳಲ್ಲೆಲ್ಲ ಇದೇ ದೋಷ ಹಬ್ಬಿದೆ, ಅದನ್ನು ಕಂಡಾಗಲೆಲ್ಲ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಮೂರನೆಯ ಪ್ಯಾರಾ ಹೀಗೆ ಆರಂಭವಾಗುತ್ತದೆ: “ರಾಗಿಯಲ್ಲಿ ಕಬ್ಬಿಣ ಹೇರಳವಾಗಿರುವುದರಿಂದ ಅದನ್ನು ನಿತ್ಯ ಸೇವಿಸಿದರೆ ರಕ್ತಹೀನತೆ ದೂರವಾಗುತ್ತದೆ ಎಂದು ಸಂಶೋಧನೆಗಳು ಹೇಳುತ್ತವೆ.” ಯಾವ ಸಂಶೋಧನೆ? ಯಾರು, ಎಲ್ಲಿ, ಯಾವ ವಯಸ್ಸಿನವರಿಗೆ, ಎಷ್ಟು ತಿಂಗಳು ರಾಗಿ ಕೊಟ್ಟು, ರಕ್ತದಲ್ಲಿ ಏನನ್ನು ಅಳೆದರು? ಇದೊಂದೂ ಇಲ್ಲದಿದ್ದರೆ ಓದುಗರು ನಿಮ್ಮನ್ನು ನಂಬುವುದಕ್ಕೂ ವಾಟ್ಸ್‌ಆ್ಯಪ್ ಸಂದೇಶವನ್ನು ನಂಬುವುದಕ್ಕೂ ವ್ಯತ್ಯಾಸ ಉಳಿಯುವುದಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಕೋಷ್ಟಕದಂತೆ ನೂರು ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ, 4.62 ಮಿಲಿಗ್ರಾಂ ಕಬ್ಬಿಣ ಇದೆ. ಕ್ಯಾಲ್ಸಿಯಂ ವಿಚಾರದಲ್ಲಿ ಅಕ್ಕಿಯಾಗಲಿ ಗೋಧಿಯಾಗಲಿ ರಾಗಿಯ ಹತ್ತಿರಕ್ಕೂ ಬರುವುದಿಲ್ಲ. ಕಬ್ಬಿಣದ ಮಾತು ಬೇರೆ. ಅದು ಕಾಳಿನಲ್ಲಿರುವ ಪ್ರಮಾಣವೇ ಹೊರತು ದೇಹಕ್ಕೆ ಸೇರುವ ಪ್ರಮಾಣವಲ್ಲ; ರಾಗಿಯಲ್ಲಿರುವ ಫೈಟೇಟ್ ಮತ್ತು ಟ್ಯಾನಿನ್ ಅಂಶಗಳು ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುವುದರಿಂದ ಕರುಳು ಅದರಲ್ಲಿ ಸಣ್ಣ ಪಾಲನ್ನಷ್ಟೇ ಹೀರಿಕೊಳ್ಳುತ್ತದೆ. ರಾಗಿಯನ್ನು ಮೊಳಕೆ ಕಟ್ಟಿಸಿ, ಒಣಗಿಸಿ, ಬೀಸಿಕೊಂಡರೆ ಫೈಟೇಟ್ ತಗ್ಗುತ್ತದೆ. ಊಟದ ಜೊತೆ ನಿಂಬೆಹಣ್ಣೋ ನೆಲ್ಲಿಕಾಯಿಯೋ ಇದ್ದರೆ ಹೀರಿಕೆ ಹೆಚ್ಚುತ್ತದೆ. ಉಂಡ ಕೂಡಲೇ ಟೀ ಕುಡಿದರೆ ಕುಗ್ಗುತ್ತದೆ. ಇಷ್ಟು ಬರೆದಿದ್ದರೂ ಅಡುಗೆಮನೆಯಲ್ಲಿರುವವರಿಗೆ ಉಪಯೋಗವಾಗುತ್ತಿತ್ತು.

ಅದರ ಮುಂದಿನ ವಾಕ್ಯ ಇನ್ನೂ ದುಡುಕಿನದು: “ಕರ್ನಾಟಕದ ಮಕ್ಕಳಲ್ಲಿ ರಕ್ತಹೀನತೆ ಶೇ 60.9ರಿಂದ ಶೇ 65.5ಕ್ಕೆ ಏರಿದ್ದು, ಜನ ರಾಗಿ ಬಿಟ್ಟು ಪಡಿತರದ ಅಕ್ಕಿಗೆ ಒಗ್ಗಿದ್ದೇ ಇದಕ್ಕೆ ಕಾರಣ.” ಅಂಕಿಗಳು ಸರಿಯಾಗಿವೆ, 2015–16 ಮತ್ತು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳವು. ಕಾರಣ ಮಾತ್ರ ನಿಮ್ಮದು, ಅದನ್ನು ಸಮೀಕ್ಷೆಯ ಬಾಯಲ್ಲಿ ಹೇಳಿಸಿದ್ದೀರಿ. ಅನ್ನಭಾಗ್ಯ ಆರಂಭವಾದದ್ದು 2013ರಲ್ಲಿ, ಅಂದರೆ ಎರಡೂ ಸಮೀಕ್ಷೆಗಳ ಹೊತ್ತಿಗೆ ಪಡಿತರದ ಅಕ್ಕಿ ಮನೆಗಳಲ್ಲಿತ್ತು. ಅಳತೆಯ ಪ್ರಶ್ನೆಯೂ ಇದೆ. ಈ ಎರಡು ಸಮೀಕ್ಷೆಗಳಲ್ಲಿ ಬೆರಳು ಚುಚ್ಚಿ ಒಂದು ಹನಿ ರಕ್ತ ತೆಗೆದಿದ್ದರು. 2016–18ರ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯಲ್ಲಿ ರಕ್ತನಾಳದಿಂದ ರಕ್ತ ತೆಗೆದು ಪರೀಕ್ಷಿಸಿದಾಗ, ದೇಶದ ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ಶೇ 41ರಷ್ಟು ಮಂದಿಗೆ ರಕ್ತಹೀನತೆ ಕಂಡಿತು. ಅದಕ್ಕೆ ತುಸು ಮುಂಚಿನ ಕುಟುಂಬ ಸಮೀಕ್ಷೆ ಐದು ವರ್ಷದೊಳಗಿನವರಲ್ಲಿ ಕೊಟ್ಟ ಅಂಕಿ ಶೇ 58ಕ್ಕೂ ಹೆಚ್ಚು. ವಯಸ್ಸಿನ ಗುಂಪು ಸ್ವಲ್ಪ ಬೇರೆಯೆಂದು ಒಪ್ಪಿದರೂ ಈ ಅಂತರ ಸಣ್ಣದಲ್ಲ. ಜಂತುಹುಳು, ವಿಟಮಿನ್ ಬಿ12 ಕೊರತೆ, ತಾಯಿಯ ರಕ್ತಹೀನತೆ ಇವೆಲ್ಲವನ್ನೂ ದಾಟಿ ನೇರವಾಗಿ ಅಕ್ಕಿಯ ಮೇಲೆ ಬೆರಳು ತೋರಿಸುವುದು ಅಕ್ಕಿಗಿಂತ ಮಕ್ಕಳಿಗೆ ಮಾಡುವ ಅನ್ಯಾಯ.

ನಾನು ಕೃಷಿ ಪತ್ರಿಕೆಯೊಂದರಲ್ಲಿ ಕೆಲಸ ಕಲಿಯುತ್ತಿದ್ದಾಗ ನಮ್ಮ ಹಿರಿಯ ಸಂಪಾದಕರು ಇಳುವರಿಯ ಅಂಕಿ ಕಂಡಲ್ಲೆಲ್ಲ ಕೆಂಪು ಶಾಯಿಯಲ್ಲಿ ‘ಖುಷ್ಕಿಯೋ (ಮಳೆಯಾಶ್ರಯ) ತರಿಯೋ (ನೀರಾವರಿ)? ಯಾರ ಹೊಲ? ಗೊಬ್ಬರ ಎಷ್ಟು?’ ಎಂದು ಬರೆದು ಹಿಂದಿರುಗಿಸುತ್ತಿದ್ದರು. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನು ಆಫ್ರಿಕದ ರಾಗಿಯೊಂದಿಗೆ ಸಂಕರ ಮಾಡಿ ಪಡೆದ ಇಂಡಾಫ್ ತಳಿಗಳ ಬಗ್ಗೆ ಆ ಸಂಪಾದಕರಿಗೆ ಅಪಾರ ಅಭಿಮಾನವಿತ್ತು. ಆದರೂ ‘ಇಳುವರಿ ದುಪ್ಪಟ್ಟು’ ಎಂದು ಯಾರಾದರೂ ಬರೆದು ತಂದರೆ, ಎಂಥ ಮಳೆಯ ವರ್ಷದಲ್ಲಿ, ಯಾವ ತಳಿಗೆ ಹೋಲಿಸಿ ದುಪ್ಪಟ್ಟು ಎಂದು ತಿಳಿಯುವವರೆಗೆ ಅಚ್ಚಿಗೆ ಕೊಡುತ್ತಿರಲಿಲ್ಲ. ಬಸ್ಸು ಹಿಡಿದು ಹೋಗಿ, ಕಣದಲ್ಲಿ ನಿಂತು ರೈತರನ್ನು ಕೇಳಿಕೊಂಡು ಬರಬೇಕಾಗುತ್ತಿತ್ತು. ಒಳ್ಳೆಯದನ್ನು ಹೆಚ್ಚು ಮಾಡಿ ಹೇಳಿದರೆ ಮುಂದಿನ ವರ್ಷ ಬೆಳೆ ಕೈಕೊಟ್ಟ ರೈತ ನಿಜವನ್ನೂ ನಂಬುವುದಿಲ್ಲ ಎನ್ನುವುದು ಅವರ ಆತಂಕವಾಗಿತ್ತು. ನನಗೆ ಈಗ ಇರುವುದೂ ಅದೇ ಆತಂಕ.

ನಿಮ್ಮ ಪಟ್ಟಿಯಲ್ಲಿ ಜೋಳವೂ ಇದೆ. ಒಮ್ಮೆ ಪೆಲಾಗ್ರ ಮೆಕ್ಕೆಜೋಳ ಉಣ್ಣುವವರ ಕಾಯಿಲೆಯೆಂದೇ ಹೆಸರಾಗಿತ್ತು. ಬಿಸಿಲು ಬೀಳುವ ಕೈ, ಕುತ್ತಿಗೆಗಳ ಚರ್ಮ ಕಪ್ಪಿಟ್ಟು ಸುಲಿಯುವ ಆ ಕಾಯಿಲೆ, ಬಹುಮಟ್ಟಿಗೆ ಜೋಳವನ್ನೇ ಉಂಡು ಬದುಕುತ್ತಿದ್ದ ದಖ್ಖನ್ನಿನ ಬಡವರಲ್ಲೂ ಇರುವುದನ್ನು ಹೈದರಾಬಾದಿನಲ್ಲಿ ಪೋಷಣಾ ವಿಜ್ಞಾನಿಗಳಾದ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ ಗುರುತಿಸಿದರು. ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಎಂಬ ಅಮೈನೊ ಆಮ್ಲ ಇದಕ್ಕೆ ಕಾರಣವಿರಬಹುದೆಂದು 1960ರಲ್ಲಿ ಅವರು ಮಂಡಿಸಿದ ವಾದವನ್ನು ಎಲ್ಲರೂ ಒಪ್ಪಲಿಲ್ಲ. ಆದರೆ ಅವರು ಹಿಡಿದ ದಾರಿಯನ್ನು ಗಮನಿಸಿ. ಮೊದಲು ರೋಗಿಯನ್ನು ಕಂಡರು, ಆಮೇಲೆ ಅವನ ಊಟವನ್ನು ಕೇಳಿದರು, ಆಮೇಲೆ ಧಾನ್ಯದತ್ತ ಹೋದರು. ನೀವು ಧಾನ್ಯದಿಂದ ಹೊರಟು, ಮಗುವನ್ನು ನೋಡದೆಯೇ ತೀರ್ಪು ಕೊಟ್ಟಿದ್ದೀರಿ.

ನೋಡಿಯೇ ಇಲ್ಲವೆಂದಲ್ಲ. ಆರನೆಯ ಪುಟದಲ್ಲಿ ಒಂದೇ ಒಂದು ವಾಕ್ಯವಿದೆ: “ಮಗುವಿಗೆಂದು ಅಂಗನವಾಡಿಯಲ್ಲಿ ಕೊಟ್ಟ ಪುಷ್ಟಿಯ ಪೊಟ್ಟಣವನ್ನು ತಾಯಿ ಮನೆಮಂದಿಗೆಲ್ಲ ಗಂಜಿ ಕಾಯಿಸಿ ಬಡಿಸಿದರು.” ಇದನ್ನು ಬರೆದು ಮರುಕ್ಷಣವೇ ಸಿರಿಧಾನ್ಯ ಮೇಳದ ವರ್ಣನೆಗೆ ಹಾರಿದ್ದೀರಿ. ದಯವಿಟ್ಟು ಆ ಮನೆಗೆ ಮತ್ತೊಮ್ಮೆ ಹೋಗಿ. ಆ ಪೊಟ್ಟಣ ಎಷ್ಟು ದಿನ ಬಂತು, ಎಷ್ಟು ಜನ ಉಂಡರು, ಮಗುವಿನ ಪಾಲಿಗೆ ಎಷ್ಟು ಸೌಟು ಬಿತ್ತು, ತಾಯಿ ಕೂಲಿಗೆ ಹೋದ ದಿನ ಮಗುವಿಗೆ ಉಣಿಸುವವರು ಯಾರು, ಹೊಲದಲ್ಲಿ ಬೆಳೆದ ಕಡಲೆಕಾಯಿಯಲ್ಲಿ ಮನೆಗೆ ಉಳಿಸಿಕೊಂಡದ್ದೆಷ್ಟು ಎಂದು ಕೇಳಿ, ಅವರು ಹೇಳಿದಂತೆಯೇ ಬರೆದುಕೊಳ್ಳಿ. ಮೊದಲ ಐದು ಪುಟಗಳನ್ನು ಕೈಬಿಟ್ಟು, ಆ ಮನೆಯ ಹೆಸರು ಗುರುತು ತಿಳಿಯದಂತೆ ಲೇಖನವನ್ನು ಅಲ್ಲಿಂದಲೇ ಆರಂಭಿಸಿ ಕಳುಹಿಸಿ. ಪುಟಗಳ ಮಿತಿ ನಾನು ಹಾಕುವುದಿಲ್ಲ.

ಸಂಪಾದಕ