ಬೀರು ಮೇಲಿನ ಪಟ

ದಾವಣಗೆರೆಯ ಪಿ.ಜೆ. ಬಡಾವಣೆಯಿಂದ ತಾಯಿಯೊಬ್ಬರು ಬರೆದಿದ್ದಾರೆ: "ನನ್ನ ಮಗನಿಗೆ 13 ವರ್ಷ. ನಿಮ್ಮ ಪತ್ರಿಕೆಯ ನಡುಪುಟದಲ್ಲಿ ಬಂದ ಒಬ್ಬ ದೊಡ್ಡ ಬೌಲರ್ ಪಟವನ್ನು ಗೋಡೆಗೆ ಅಂಟಿಸಿಕೊಂಡಿದ್ದ. ಈಗ ಆತನ ಆಟ ಕೆಟ್ಟಿದೆ, ಕಂಡಕಂಡವರೆಲ್ಲ ಬೈಯುತ್ತಿದ್ದಾರೆ. ಗೆಳೆಯರು ಆಡಿಕೊಂಡರು ಅಂತ ಮಗ ಪಟ ತೆಗೆದು, ಸುತ್ತಿ, ಬೀರು ಮೇಲೆ ಇಟ್ಟಿದ್ದಾನೆ. ಹೋದ ಸಂಚಿಕೆಯಲ್ಲಿ ನೀವೂ ಲೇವಡಿ ಮಾಡಿದ್ದೀರಿ. ಅಟ್ಟಕ್ಕೆ ಹತ್ತಿಸುವವರೂ ನೀವೇ, ಏಣಿ ತೆಗೆಯುವವರೂ ನೀವೇನಾ? ಮಗನಿಗೆ ಏನು ಹೇಳಲಿ?"

ಅಮ್ಮಾ, ಆ ಲೇವಡಿ ತಪ್ಪು. ಆ ಸಾಲು ಅಚ್ಚಿಗೆ ಹೋಗುವ ಮುಂಚೆ ನಾನು ಓದಿದ್ದೆ, ತಡೆಯಲಿಲ್ಲ. ಕ್ಷಮಿಸಿ.

ನಿಮ್ಮ ಪತ್ರ ಓದಿದಾಗ 2013ರ ನವೆಂಬರ್ 2 ನೆನಪಾಯಿತು. ಬೆಂಗಳೂರಿನಲ್ಲಿ ಭಾರತ–ಆಸ್ಟ್ರೇಲಿಯಾ ಒಂದು ದಿನದ ಪಂದ್ಯ. ನಮ್ಮ ದಾವಣಗೆರೆಯ ಹುಡುಗ, ಬೌಲರ್ ವಿನಯ್ ಕುಮಾರ್ ಆಡುತ್ತಿದ್ದರು. ನಾನು ಮಂಡಕ್ಕಿ ಅಂಗಡಿಯ ಬೆಂಚಿನ ಮೇಲಿದ್ದೆ. ರೋಹಿತ್ ಶರ್ಮಾ 209 ಹೊಡೆದಾಗ ಅಂಗಡಿಗೆ ಅಂಗಡಿಯೇ ಕುಣಿಯಿತು. ಆಮೇಲೆ ವಿನಯ್ 9 ಓವರಿಗೆ 102 ರನ್ ಕೊಟ್ಟರು. ಮಿರ್ಚಿ ಕರಿಯುತ್ತಿದ್ದವರು ಜಾಲರಿ ಸೌಟನ್ನು ಬಾಣಲೆ ಮೇಲೆ ಹಿಡಿದುಕೊಂಡೇ ಟಿವಿ ನೋಡುತ್ತಾ ನಿಂತುಬಿಟ್ಟರು. ಸೌಟಿನಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ಪಕ್ಕದಲ್ಲಿದ್ದವರು, "ಇವ್ನು ನಮ್ಮೂರವ್ನು ಅಂತ ಹೇಳ್ಕೊಳ್ಳೋಕೇ ನಾಚಿಕೆ" ಅಂದರು. ಯಾರೂ ಎದುರು ಮಾತಾಡಲಿಲ್ಲ. ನಾನೂ ಸುಮ್ನೆ ಕೂತೆ.

ಆ ಪಂದ್ಯವನ್ನು ಭಾರತ 57 ರನ್ನುಗಳಿಂದ ಗೆದ್ದಿತು. ಅದು ಎಷ್ಟು ಜನಕ್ಕೆ ನೆನಪಿದೆ? ಅದೇ ಸರಣಿಯಲ್ಲಿ 350ಕ್ಕೂ ಜಾಸ್ತಿ ಗುರಿಯನ್ನು ಭಾರತ ಎರಡು ಸಲ ಮುಟ್ಟಿತ್ತು. ಬ್ಯಾಟ್ ಹಿಡಿದವರಿಗೆ ಅನುಕೂಲವಾದ ನಿಯಮಗಳ ಕಾಲ ಅದು: ಎರಡು ತುದಿಗೂ ಒಂದೊಂದು ಹೊಸ ಚೆಂಡು ಅನ್ನೋದು ಬಂದು ಎರಡು ವರ್ಷ, ಮೈದಾನದ ಒಳವೃತ್ತದ ಆಚೆ ನಾಲ್ಕೇ ಫೀಲ್ಡರ್ ಅನ್ನೋದು ಬಂದು ಒಂದು ವರ್ಷವಾಗಿತ್ತು. ಬೌಲರುಗಳೆಲ್ಲ ಏಟು ತಿಂದ ಸರಣಿ ಅದು. ಆದರೆ ಬಿದ್ದವನಿಗೆ ಆಳಿಗೊಂದು ಕಲ್ಲು. ವಿನಯ್‌ಗೆ ಮತ್ತೆ ಭಾರತದ ಪರ ಒಂದು ದಿನದ ಪಂದ್ಯ ಸಿಗಲಿಲ್ಲ.

ಸರಿಯಾಗಿ ಮೂರು ತಿಂಗಳಿಗೆ, 2014ರ ಫೆಬ್ರುವರಿ 2ರಂದು, ಅದೇ ವಿನಯ್ ನಾಯಕತ್ವದಲ್ಲಿ ಕರ್ನಾಟಕ 15 ವರ್ಷದ ನಂತರ ರಣಜಿ ಟ್ರೋಫಿ ಎತ್ತಿತು. ಮುಂದಿನ ವರ್ಷ ಮತ್ತೆ ಗೆದ್ದಿತು. ಮುಂಬೈನ ವಾಂಖೆಡೆ ಮೈದಾನದಲ್ಲಿ ನಡೆದ ಆ ಎರಡನೇ ಫೈನಲ್‌ನಲ್ಲಿ ವಿನಯ್ ಮೊದಲು 5 ವಿಕೆಟ್ ತೆಗೆದರು, ಆಮೇಲೆ ಬ್ಯಾಟ್ ಹಿಡಿದು ಔಟಾಗದೆ 105 ಹೊಡೆದರು. ಪ್ರಥಮ ದರ್ಜೆಯಲ್ಲಿ 504 ವಿಕೆಟ್ ಅವರದು. ಇಷ್ಟಾದರೂ ಅವರ ಹೆಸರು ಬಂದರೆ ಊರಲ್ಲಿ ಯಾರಾದರೊಬ್ಬರು 102ರ ಮಾತು ತೆಗೆದೇ ತೆಗೆಯುತ್ತಾರೆ. ಅದು ನನಗೆ ಇವತ್ತಿಗೂ ಹೊಟ್ಟೆ ಉರಿಸುತ್ತದೆ.

ನಡತೆ ಕೆಟ್ಟರೆ ಲೆಕ್ಕ ಬೇರೆ. ಸೈಕಲ್ ಪಟು ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಉದ್ದೀಪನ ಮದ್ದು ತೆಗೆದುಕೊಂಡು ಗೆದ್ದಿದ್ದು ಬಯಲಾಗಿ, 2012ರಲ್ಲಿ ಏಳು ಟೂರ್ ಡಿ ಫ್ರಾನ್ಸ್ ಪಟ್ಟಗಳೂ ಹೋದವು. ಅಂಥವರ ಪಟ ತೆಗೆದರೆ ನಾನು ಬೇಡ ಅನ್ನುವುದಿಲ್ಲ. ನಿಮ್ಮ ಮಗನ ಬೌಲರ್ ಯಾರಿಗೂ ಮೋಸ ಮಾಡಿಲ್ಲ. ಚೆಂಡು ಅಂದುಕೊಂಡ ಕಡೆ ಬೀಳುತ್ತಿಲ್ಲ, ಅಷ್ಟೇ. ದುಗ್ಗಮ್ಮನ ಜಾತ್ರೆಯ ಕುಸ್ತಿಯಲ್ಲಿ ಬಿದ್ದ ಪೈಲ್ವಾನನ ಬೆನ್ನಿನ ಮಣ್ಣನ್ನು ಗೆದ್ದವನೇ ಒರೆಸಿದ್ದು ನೋಡಿದ್ದೇನೆ. ಹೊಡೆದಾಡಿದವರಿಗೇ ಇಲ್ಲದ ಸಿಟ್ಟು ಕೂತು ನೋಡುವ ನಮಗೆ ಯಾಕೆ?

ಪಟ ಮತ್ತೆ ಅಂಟಿಸು ಅಂತ ಮಗನಿಗೆ ಒತ್ತಾಯ ಮಾಡಬೇಡಿ. ಹರಿದು ಬಿಸಾಡದೆ ಸುತ್ತಿ ಇಟ್ಟಿದ್ದಾನೆ, ಅಲ್ವಾ? ವಾಂಖೆಡೆ ಫೈನಲ್‌ನ ಸ್ಕೋರನ್ನು ಒಂದು ಹಾಳೆಯಲ್ಲಿ ಬರೆದು ಕಳಿಸುತ್ತಿದ್ದೇನೆ. ಆ ಪಟದ ಜೊತೆಗೇ ಇಡಿ. ಗೆಳೆಯರು ಮತ್ತೆ ಆಡಿಕೊಂಡ ದಿನ ತೆಗೆದು ಓದಲಿ.