ಸಂಪಾದಕರ ಉತ್ತರ: ಗ್ರಂಥಾಲಯಕ್ಕೆ ಸ್ಟೀಲ್ ಗಿಟಾರ್ ಬೇಕೇ ಬೇಕು

ಬೈಲಹೊಂಗಲದ ಓದುಗರಿಗೆ ನಮಸ್ಕಾರ.

ನಿಮ್ಮೂರ ಸಾರ್ವಜನಿಕ ಗ್ರಂಥಾಲಯದಲ್ಲಿ ಸಂಗೀತ ಕೇಳಲು ಒಂದು ವಿಭಾಗ ತೆರೆಯುತ್ತಿರುವುದು, ಅದಕ್ಕೆ ದಾನಿಯೊಬ್ಬರು ಹಣ ಕೊಟ್ಟಿರುವುದು ತಿಳಿದು ಬಹಳ ಸಂತೋಷವಾಯಿತು. ಸಿತಾರ್, ಸರೋದ್, ಶಹನಾಯಿ ಸಿಡಿಗಳ ಪಟ್ಟಿ ಸಲೀಸಾಗಿ ಆಯಿತು, ಸ್ಟೀಲ್ ಗಿಟಾರಿಗೆ ಬಂದಾಗ ಏನು ಕೊಳ್ಳಬೇಕೆಂದು ತೋಚಲಿಲ್ಲ ಎಂದು ಬರೆದಿದ್ದೀರಿ. "ಅದು ಸಿನಿಮಾ ಹಾಡಿನ ವಾದ್ಯ, ನಮಗ್ಯಾಕ ಬೇಕು?" ಎಂದು ಸಮಿತಿಯ ಹಿರಿಯರೊಬ್ಬರು ಕೇಳಿದ್ದನ್ನೂ ತಿಳಿಸಿದ್ದೀರಿ.

ಆ ಹಿರಿಯರಿಗೆ ಮೊದಲು ಬ್ರಿಜ್ ಭೂಷಣ್ ಕಾಬ್ರಾ ಅವರನ್ನು ಕೇಳಿಸಿ. ಜೋಧಪುರದ ಕಾಬ್ರಾ, ಸರೋದ್ ವಾದಕ ಅಲಿ ಅಕ್ಬರ್ ಖಾನರ ಶಿಷ್ಯರು. ಗಿಟಾರನ್ನು ಅಡ್ಡಲಾಗಿ ಮಲಗಿಸಿ, ಎಡಗೈಯಲ್ಲಿ ಉಕ್ಕಿನ ಸಣ್ಣ ತುಂಡು ಹಿಡಿದು ತಂತಿಯ ಮೇಲೆ ಜಾರಿಸುತ್ತ, ಬಲಗೈಯಲ್ಲಿ ಮೀಟುತ್ತಿದ್ದರು. ಸಿತಾರಿನಲ್ಲಿ ತಂತಿಯನ್ನು ಪಕ್ಕಕ್ಕೆ ಎಳೆದು ಮೀಂಡ್, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವ ನಾದ, ತೆಗೆಯಬೇಕು. ಎಳೆತಕ್ಕೆ ಒಂದು ಮಿತಿಯಿದೆ. ಇಲ್ಲಿ ಉಕ್ಕು ತಂತಿಯುದ್ದಕ್ಕೂ ಓಡುವುದರಿಂದ ಕೆಳಗಿನ ಷಡ್ಜದಿಂದ ಮೇಲಿನ ಷಡ್ಜದವರೆಗೆ ಒಂದೇ ಉಸಿರಿನಲ್ಲಿ ಹೋಗಬಹುದು. ಆದರೆ ಸ್ವರದ ಜಾಗ ತೋರಿಸುವ ಮೆಟ್ಟಿಲುಗಳ ಆಸರೆ ಇಲ್ಲ. ಉಕ್ಕು ಕೂದಲೆಳೆಯಷ್ಟು ಆಚೀಚೆ ಸರಿದರೂ ಸ್ವರ ಬೇಸೂರ. ಕುಮಾರ ಗಂಧರ್ವರು ಹುಟ್ಟಿದ ಸುಳೇಭಾವಿ ನಮ್ಮ ಜಿಲ್ಲೆಯದೇ. ಹಾಡುಗಾರಿಕೆ ಕೇಳಿ ಪಳಗಿದ ಇಲ್ಲಿಯ ಕಿವಿಗಳಿಗೆ ಈ ವಾದ್ಯದ ಆಲಾಪ ಯಾರೂ ಬಿಡಿಸಿ ಹೇಳದೆಯೇ ಒಗ್ಗುತ್ತದೆ ಎಂದು ನನಗೆ ಪೂರ್ತಿ ನಂಬಿಕೆ.

1967ರ 'ಕಾಲ್ ಆಫ್ ದಿ ವ್ಯಾಲಿ' ಬೇಕೇ ಬೇಕು. ಶಿವಕುಮಾರ ಶರ್ಮಾರ ಸಂತೂರ್, ಹರಿಪ್ರಸಾದ ಚೌರಾಸಿಯಾರ ಕೊಳಲು, ಕಾಬ್ರಾರ ಗಿಟಾರ್ ಸೇರಿ ಕಾಶ್ಮೀರದ ಕುರಿಗಾಹಿಯೊಬ್ಬನ ಒಂದು ದಿನವನ್ನು ಅಹಿರ್ ಭೈರವ ರಾಗದಿಂದ ಪಹಾಡಿ ರಾಗದವರೆಗೆ ಹೇಳುತ್ತವೆ. ಸಂತೂರ್, ಕೊಳಲಿಗಾಗಿ ಇದನ್ನು ಕೇಳಿದವರು ಬಹಳ ಮಂದಿ. ಗಿಟಾರಿಗೆ ಸಲ್ಲಬೇಕಾದ ಗಮನ ಸಂದಿಲ್ಲ. ಆದ್ದರಿಂದ ಇದರ ಜೊತೆಗೆ ಕಾಬ್ರಾ ಒಬ್ಬರೇ ರಾಗ ನುಡಿಸಿರುವ ಒಂದು ಧ್ವನಿಮುದ್ರಿಕೆಯನ್ನೂ ತರಿಸಿ. ಅವರ ಶಿಷ್ಯ ದೇಬಾಶಿಶ್ ಭಟ್ಟಾಚಾರ್ಯರ 'ಕಲ್ಕತ್ತಾ ಕ್ರಾನಿಕಲ್ಸ್' 2008ರದು. ತಾವೇ ರೂಪಿಸಿದ ಚತುರಂಗಿ, ಗಾಂಧರ್ವಿ, ಆನಂದಿ ಎಂಬ ಮೂರು ವಾದ್ಯಗಳನ್ನು ಅವರು ಅದರಲ್ಲಿ ನುಡಿಸಿದ್ದಾರೆ.

ವಿಶ್ವಮೋಹನ ಭಟ್ಟರು ಅಮೆರಿಕದ ಗಿಟಾರ್ ವಾದಕ ರೈ ಕೂಡರ್ ಜೊತೆ ನುಡಿಸಿದ 'ಎ ಮೀಟಿಂಗ್ ಬೈ ದಿ ರಿವರ್' (1993) ಗ್ರ್ಯಾಮಿ ಪಡೆದದ್ದು, ಸುಲಭವಾಗಿ ಸಿಗುತ್ತದೆ. ಸುನಿಲ್ ಗಂಗೂಲಿಯವರು ಗಿಟಾರಿನಲ್ಲಿ ನುಡಿಸಿದ ಚಿತ್ರಗೀತೆಗಳ ಒಂದು ಸಿಡಿಯೂ ಇರಲಿ. ಹಾಡಿನ ಒಂದೊಂದು ಮಾತೂ ತಂತಿಯಲ್ಲಿ ಕೇಳುವ ಹಾಗೆ ನುಡಿಸುವುದು ಸಣ್ಣ ವಿದ್ಯೆಯಲ್ಲ. ಆ ಸಿಡಿ ಹುಡುಕಿಕೊಂಡು ಬಂದವರು ಪಕ್ಕದಲ್ಲಿರುವ ಕಾಬ್ರಾರನ್ನೂ ಕೈಗೆತ್ತಿಕೊಳ್ಳುತ್ತಾರೆ.

ಈ ವಾದ್ಯದ ತವರು ಹವಾಯಿ. 19ನೇ ಶತಮಾನದ ಕೊನೆಗೆ ಜೋಸೆಫ್ ಕೆಕುಕು ಎಂಬ ಹುಡುಗ ಈ ವಾದನಕ್ರಮ ಕಂಡುಕೊಂಡನೆಂದು ಅಲ್ಲಿಯವರು ಹೇಳುತ್ತಾರೆ. ಅಲ್ಲಿಂದ ಎರಡು ಸಾಕು. 1920-30ರ ದಶಕಗಳ ಸೋಲ್ ಹೂಪೀಯವರ ಯಾವುದಾದರೂ ಸಂಕಲನ ಒಂದು. ಆ ಬೆರಳುಗಳ ಚುರುಕು ಇವತ್ತಿಗೂ ಬೆರಗು ಹುಟ್ಟಿಸುತ್ತದೆ. ಇನ್ನೊಂದು ನನಗೆ ಅತ್ಯಂತ ಪ್ರಿಯವಾದದ್ದು: ಟೌ ಮೋ ಕುಟುಂಬ ಅಮೆರಿಕದ ಗಿಟಾರ್ ವಾದಕ ಬಾಬ್ ಬ್ರಾಝ್‌ಮನ್ ಜೊತೆ ಮಾಡಿದ 'ರಿಮೆಂಬರಿಂಗ್ ದಿ ಸಾಂಗ್ಸ್ ಆಫ್ ಅವರ್ ಯೂತ್'. ಟೌ ಮೋ 1940ರ ದಶಕದಲ್ಲಿ ಕಲ್ಕತ್ತೆಯಲ್ಲಿ ನೆಲೆಸಿ ಗಿಟಾರ್ ನುಡಿಸಿದರು, ಕಲಿಸಿದರು. ನಮ್ಮ ದೇಶದಲ್ಲಿ ಈ ವಾದ್ಯ ಬೇರೂರಿದ್ದರಲ್ಲಿ ಅವರ ಪಾಲು ದೊಡ್ಡದು. 1929ರಲ್ಲಿ ಟೋಕಿಯೋದಲ್ಲಿ ಧ್ವನಿಮುದ್ರಿಸಿದ್ದ ಹಾಡುಗಳನ್ನು ಅವರೂ ಪತ್ನಿ ರೋಸ್ ಅವರೂ ಸುಮಾರು ಅರವತ್ತು ವರ್ಷಗಳ ಮೇಲೆ ಇದರಲ್ಲಿ ಮತ್ತೆ ಹಾಡಿದ್ದಾರೆ. ಮುದಿದನಿಯಲ್ಲೂ ಸ್ವರ ಎಲ್ಲೂ ಜಾರಿಲ್ಲ.

ಕಾಲಿನ ಪೆಡಲ್ ಒತ್ತಿ ತಂತಿಯ ಶ್ರುತಿ ಬದಲಿಸುವ ಅಮೆರಿಕದ ಪೆಡಲ್ ಸ್ಟೀಲ್ ಗಿಟಾರಿಗೆ ಬಡ್ಡಿ ಎಮನ್ಸ್ ಅವರ 'ಸ್ಟೀಲ್ ಗಿಟಾರ್ ಜಾಝ್' (1963) ಒಂದಿದ್ದರೆ ಸದ್ಯಕ್ಕೆ ನಡೆಯುತ್ತದೆ.

ವಾದಕರ ಹೆಸರೇ ಇಲ್ಲದ "ಗಿಟಾರ್ ಮಧುರಗೀತೆ" ಥರದ ಅಗ್ಗದ ಸಿಡಿಗಳನ್ನು ದಯವಿಟ್ಟು ಕೊಳ್ಳಬೇಡಿ. ಯಾರು ನುಡಿಸಿದ್ದು, ತಬಲಾ ಯಾರದು ಎಂದು ಕೇಳಿದ ಓದುಗನಿಗೆ ಗ್ರಂಥಾಲಯ ಉತ್ತರ ಕೊಡಬೇಕು. ಸಿಡಿಯೊಳಗಿನ ಕಿರುಪುಸ್ತಿಕೆಗೆ ರಟ್ಟು ಹಾಕಿಸಿ ಬೇರೆಯಾಗಿಡಿ. ಮೊದಲು ಕಳೆಯುವುದು ಅದೇ. ಕ್ಯಾಟಲಾಗಿನಲ್ಲಿ ವಾದಕರ ಹೆಸರು, ವಾದ್ಯ, ರಾಗ ಮೂರೂ ಬರಲಿ. ಹಣ ಸಾಲದಿದ್ದರೆ ಎಮನ್ಸ್‌ರನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ, ಟೌ ಮೋ ಅವರನ್ನು ಮಾತ್ರ ಬಿಡಬೇಡಿ.

— ಸಂಪಾದಕ